ಹಳೆಯ ಬಂಗಲೆ, ಹೊಸ ಬೆಲೆ: ಉಳಿಯುವುದು ಮನೆಯೋ, ಮುಂಭಾಗವೋ?

ಬೆಂಗಳೂರಿನ ಹಳೆಯ ಬಂಗಲೆಗಳಿಗೆ ಇಂದು ಎರಡು ಬಗೆಯ ಗಿರಾಕಿಗಳಿದ್ದಾರೆ. ಒಬ್ಬರಿಗೆ ಬೇಕಿರುವುದು ನಿವೇಶನ ಮಾತ್ರ. ಅದರ ಮೇಲಿರುವ ಮನೆ ಅವರ ಪಾಲಿಗೆ ತೆರವು ಮಾಡಬೇಕಾದ ಅಡಚಣೆ. ಇನ್ನೊಬ್ಬರಿಗೆ ಬೇಕಿರುವುದು ತೇಗದ ಬಾಗಿಲು, ಎತ್ತರದ ಚಾವಣಿ, ಬಣ್ಣದ ಗಾಜಿನ ಕಿಟಕಿ. ಅದರ ಜೊತೆಗೇ ಹವಾನಿಯಂತ್ರಣ, ಹೊಸ ಅಡುಗೆಮನೆ, ಕೋಣೆಗೊಂದು ಸ್ನಾನಗೃಹ. ಮೊದಲನೆಯವರಿಗಿಂತ ಎರಡನೆಯವರು ಮೇಲು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ನಗರದ ಪರಂಪರೆಯನ್ನು ಉಳ್ಳವರ ಅಭಿರುಚಿಯ ಮೇಲಷ್ಟೇ ಬಿಟ್ಟುಬಿಡಬಹುದೇ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ಈ ಮನೆಗಳಿಗೆ ಹೊಸ ಸೌಕರ್ಯಗಳೇನೂ ಅಪರಿಚಿತವಲ್ಲ. 1809ರಲ್ಲಿ ದಂಡು ಪ್ರದೇಶ ಸ್ಥಾಪನೆಯಾದ ನಂತರ ಅಲ್ಲಿ ವಿಶಾಲ ಕಾಂಪೌಂಡುಗಳ ಬಂಗಲೆಗಳು ಎದ್ದವು. 1890ರ ದಶಕದಲ್ಲಿ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. 1898ರ ಪ್ಲೇಗ್ ಪೇಟೆಯ ಜನರನ್ನು ಅತ್ತ ದೂಡಿತು. ಮುಂದಕ್ಕೆ ಚಾಚಿದ ಪೋರ್ಟಿಕೊ, ಕಿಟಕಿಗಳ ಮೇಲೆ ‘ಮಂಕಿ ಟಾಪ್’ ಎಂದೇ ಹೆಸರಾದ ಚೂಪು ಮರದ ಹೊದಿಕೆ, ಮಂಗಳೂರು ಹೆಂಚಿನ ಮಾಡು ಈ ನಗರದ ಗುರುತಾದವು. 1905ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದಾಗ, ಎಣ್ಣೆದೀಪಕ್ಕೆಂದು ಕಟ್ಟಿದ ಮನೆಗಳೇ ತಂತಿಗಳಿಗೆ ಗೋಡೆಯಲ್ಲಿ ಜಾಗ ಕೊಟ್ಟವು. ಹಿತ್ತಿಲಿನಲ್ಲಿದ್ದ ಶೌಚಾಲಯ ಕಾಲಾನಂತರ ಮನೆಯೊಳಕ್ಕೆ ಬಂತು. ಆದ್ದರಿಂದ ಸೌಕರ್ಯವು ಪರಂಪರೆಯ ಶತ್ರುವೆಂದು ವಾದಿಸುವುದು ಸರಿಯಲ್ಲ. ಬದಲಾವಣೆಯನ್ನು ಹೇಗೆ ಮಾಡುತ್ತೇವೆ ಎಂಬುದೇ ಮುಖ್ಯ.

ಸುಣ್ಣದ ಗೋಡೆ, ಸಿಮೆಂಟಿನ ಲೇಪ

ನವೀಕರಣದ ಹೆಸರಿನಲ್ಲಿ ಆಗುವ ಹಾನಿ ಮೊದಲಿಗೆ ಕಣ್ಣಿಗೆ ಬೀಳುವುದಿಲ್ಲ. ಹಳೆಯ ಗೋಡೆಗಳನ್ನು ಕಟ್ಟಿರುವುದು ಸುಣ್ಣದ ಗಾರೆಯಿಂದ. ಅವು ನೆಲದಿಂದ ಮತ್ತು ಮಳೆಯಿಂದ ಹೀರಿದ ತೇವವನ್ನು ಮೆಲ್ಲಗೆ ಹೊರಗೆ ಬಿಡುತ್ತವೆ. ಅಂಥ ಗೋಡೆಗೆ ಸಿಮೆಂಟ್ ಬಳಿದು, ಮೇಲೆ ಪ್ಲಾಸ್ಟಿಕ್ ಬಣ್ಣ ಹಚ್ಚಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಕೆಲವು ಮಳೆಗಾಲಗಳಲ್ಲಿ ಲೇಪ ಉಬ್ಬಿ ಉದುರುತ್ತದೆ, ಇಟ್ಟಿಗೆ ಪುಡಿಯಾಗತೊಡಗುತ್ತದೆ. ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ನೆಟ್ಟಗೆ ಜೋಡಿಸಿ ಸುಣ್ಣದಿಂದ ಬಿಗಿದ ಮದ್ರಾಸ್ ತಾರಸಿಯದೂ ಇದೇ ಕತೆ. ಅದರ ಮೇಲೆ ಕಾಂಕ್ರೀಟ್ ಪದರವನ್ನೂ ನೀರಿನ ಟ್ಯಾಂಕನ್ನೂ ಹೇರಿದರೆ ತೊಲೆಗಳು ಬಾಗುತ್ತವೆ.

ಚಾವಣಿಯ ಕೆಳಗಿನ ಗಾಳಿಗಿಂಡಿಗಳು ಬಿಸಿ ಗಾಳಿಯನ್ನು ಹೊರಹಾಕಲೆಂದೇ ಇದ್ದವು. ಅವನ್ನು ಮುಚ್ಚಿ ಇಡೀ ಮನೆಗೆ ಹವಾನಿಯಂತ್ರಣ ಅಳವಡಿಸುವವರು, ಮನೆಯಲ್ಲಿ ಮೊದಲೇ ಇದ್ದ ತಂಪನ್ನು ಕಳೆದು ಅದನ್ನೇ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಕೆಲವೆಡೆ ಮುಂಭಾಗದ ಗೋಡೆಯೊಂದನ್ನು ಬಿಟ್ಟು ಹಿಂದಿನದೆಲ್ಲವನ್ನೂ ಕೆಡವುವುದುಂಟು. ಅಲ್ಲಿ ಉಳಿಯುವುದು ಮನೆಯಲ್ಲ, ಮನೆಯ ಮುಖವಾಡ.

ಹೊಂದಿಕೆ ಅಸಾಧ್ಯವಲ್ಲ ಎಂಬುದಕ್ಕೆ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲು ಸಾಕ್ಷಿ. 2009ರಲ್ಲಿ ಅದು ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಗಿ ತೆರೆದುಕೊಂಡಿತು. ಗ್ಯಾಲರಿಗೆ ಬೇಕಾದ ಹೆಚ್ಚಿನ ಜಾಗಕ್ಕಾಗಿ ಮಹಲನ್ನು ಒಡೆಯದೆ ಆವರಣದಲ್ಲೇ ಹೊಸ ಕಟ್ಟಡ ಸೇರಿಸಲಾಯಿತು. ಅಹಮದಾಬಾದಿನಲ್ಲಿ ಜವಳಿ ಉದ್ಯಮಿ ಮಂಗಲದಾಸ್ ಗಿರಿಧರದಾಸರು 1924ರಲ್ಲಿ ಕಟ್ಟಿದ ಮನೆ ಇಂದು ಹೋಟೆಲಾಗಿ ಬದುಕಿದೆ.

ಮನೆಯೊಡೆಯರ ಲೆಕ್ಕ

ಆದರೆ ಎಲ್ಲ ಹಳೆಯ ಮನೆಗಳೂ ಕಲಾ ಗ್ಯಾಲರಿ ಅಥವಾ ಹೋಟೆಲು ಆಗಲಾರವು, ಆಗಲೂಬಾರದು. ಹೆಚ್ಚಿನವು ಕುಟುಂಬಗಳು ವಾಸಿಸುವ ಮನೆಗಳು. ಒಂದು ಮನೆಗೆ ನಾಲ್ವರು ವಾರಸುದಾರರಿದ್ದರೆ ತೊಟ್ಟಿಯನ್ನಾಗಲೀ ಜಗಲಿಯನ್ನಾಗಲೀ ನಾಲ್ಕು ಪಾಲು ಮಾಡಲಾಗದು. ಅಪಾರ್ಟ್‌ಮೆಂಟ್ ಎದ್ದರೆ ಆಳಿಗೊಂದು ಫ್ಲ್ಯಾಟ್ ಸಿಗುತ್ತದೆ. ನಿವೇಶನದ ಬೆಲೆ ನಿರ್ಧಾರವಾಗುವುದು ಅಲ್ಲಿ ಎಷ್ಟು ಅಂತಸ್ತು ಕಟ್ಟಬಹುದು ಎಂಬುದರ ಮೇಲೆ. ಹೀಗಿರುವಾಗ ಹಳೆಯ ಮನೆಯನ್ನು ಉಳಿಸಿಕೊಂಡ ಕುಟುಂಬ ತನ್ನ ಜೇಬಿನಿಂದಲೇ ಇಡೀ ಊರಿನ ಪರಂಪರೆಯ ವೆಚ್ಚ ಭರಿಸಿದಂತಾಗುತ್ತದೆ. ಅಂಥವರು ಮಾರಿದರೆ ದೂರುವ ನೈತಿಕ ಹಕ್ಕು ನಮಗೆಷ್ಟಿದೆ?

ಸರ್ಕಾರವೇ ಕೊಳ್ಳುವುದು ಒಂದು ದಾರಿ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ಆರಂಭಿಸಿದಾಗ ಸಾರ್ವಜನಿಕರು ದನಿ ಎತ್ತಿದರು. ಮನೆ ಪಾಲಿಕೆಯ ಕೈಸೇರಿ, ದುರಸ್ತಿಯಾಗಿ, 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ಆದರೆ ಹೆಸರಾಂತ ಲೇಖಕರ ಮನೆಗೆ ಸಿಕ್ಕ ಈ ಭಾಗ್ಯ ಪಕ್ಕದ ಬೀದಿಯ ಗುಮಾಸ್ತರ ಮನೆಗೆ ಸಿಗದು. ಸ್ಮಾರಕಗಳ ರಕ್ಷಣೆಯ ಕಾಯ್ದೆಗಳನ್ನು ರೂಪಿಸಿದ್ದು ಕೋಟೆ, ದೇಗುಲಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಜನ ಅಡುಗೆ ಮಾಡಿ ಮಲಗುವ ಮನೆಗೆ ಆ ಅಂಗಿ ಹೊಂದುವುದಿಲ್ಲ.

ಮುಂಬೈ 1995ರಲ್ಲೇ ಪಾರಂಪರಿಕ ಕಟ್ಟಡಗಳಿಗೆ ಪ್ರತ್ಯೇಕ ನಿಯಮಾವಳಿ ಜಾರಿಗೆ ತಂದಿತು. ಕಟ್ಟಡಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿ, ಎಲ್ಲಿ ಎಷ್ಟು ಬದಲಾವಣೆಗೆ ಅವಕಾಶ ಎಂಬುದನ್ನು ಅದು ಗೊತ್ತುಪಡಿಸಿತು. ಕಟ್ಟುವ ಹಕ್ಕು ಕಳೆದುಕೊಳ್ಳುವ ಮಾಲೀಕರಿಗೆ ಅದನ್ನು ಬೇರೆಡೆಗೆ ಮಾರುವ ಟಿಡಿಆರ್ ಅವಕಾಶವನ್ನೂ ಒದಗಿಸಿತು. 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ನಗರವೆನಿಸಿದ ಅಹಮದಾಬಾದ್ ಕೂಡ ಹಳೆಯ ಪೇಟೆಯ ಮನೆಗಳಿಗೆ ಇದೇ ಉಪಾಯ ಬಳಸಿದೆ. ಟಿಡಿಆರ್ ಸರ್ವರೋಗ ನಿವಾರಕವೇನಲ್ಲ. ಇಲ್ಲಿ ಕಟ್ಟದ ಅಂತಸ್ತು ಇನ್ನೊಂದು ಬಡಾವಣೆಯ ತಲೆಯ ಮೇಲೇರುತ್ತದೆ. ಮಾರುಕಟ್ಟೆ ಕುಸಿದರೆ ಪ್ರಮಾಣಪತ್ರ ಬರೀ ಕಾಗದವಾಗುತ್ತದೆ. ಆದರೂ ಬರಿಗೈಯಲ್ಲಿ ಕಳಿಸುವುದಕ್ಕಿಂತ ಅದು ಲೇಸು. ರಸ್ತೆ ವಿಸ್ತರಣೆಗೆ ಜಾಗ ಬಿಟ್ಟವರಿಗೆ ಟಿಡಿಆರ್ ನೀಡುವ ರೂಢಿ ಬೆಂಗಳೂರಿಗೂ ಹೊಸದಲ್ಲ.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದಿವೆ. ಪ್ರತಿ ಪಾಲಿಕೆಯೂ ತನ್ನ ವ್ಯಾಪ್ತಿಯ ಹಳೆಯ ಮನೆಗಳನ್ನು ಬೀದಿ ಬೀದಿ ಸುತ್ತಿ ಪಟ್ಟಿ ಮಾಡಲಿ. ಪಟ್ಟಿಗೆ ಸೇರಿದ ಮನೆಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ, ದುರಸ್ತಿಗೆ ತ್ವರಿತ ಅನುಮತಿ, ಸುಣ್ಣದ ಕೆಲಸ ಬಲ್ಲ ಗಾರೆಯವರ ನೆರವು ದೊರೆಯಲಿ. ಪಟ್ಟಿಗೆ ಸೇರುವುದು ಶಿಕ್ಷೆ ಎನಿಸಿದರೆ, ಪಟ್ಟಿ ಪ್ರಕಟವಾಗುವ ಮುನ್ನವೇ ಮನೆ ನೆಲಸಮವಾಗುತ್ತದೆ.

ಸಿರಿವಂತರು ಬಂಗಲೆಗಳನ್ನು ಅಂದವಾಗಿ ಉಳಿಸಿಕೊಂಡರೆ ಸಂತೋಷವೇ. ಆದರೆ ಅದರಿಂದ ಉಳಿಯುವುದು ಬೆರಳೆಣಿಕೆಯ ಮನೆಗಳು. ಇಡೀ ಬೀದಿ ಉಳಿಯಬೇಕಾದರೆ, ತಾತನ ಮನೆಯಲ್ಲೇ ಇರಬೇಕೆಂಬ ಮಧ್ಯಮ ವರ್ಗದ ಕುಟುಂಬಕ್ಕೆ ಅಲ್ಲಿರುವುದು ನಷ್ಟದ ಬಾಬತ್ತು ಆಗಬಾರದು.