ಅಮೆರಿಕದ ಕೌಂಟಿ ನ್ಯಾಯಾಲಯಗಳ ಕ್ರಿಮಿನಲ್ ದಾಖಲೆ ಪಡೆಯಲು ಕನ್ನಡಿಗರಿಗೆ ನೆರವು ಕೋರಿ ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಮತ್ತು ಸದಸ್ಯರು,
ಅನಿವಾಸಿ ಭಾರತೀಯ ಸಮಿತಿ, ಕರ್ನಾಟಕ ಸರ್ಕಾರ,
ಬೆಂಗಳೂರು.

ಇಂದ,
ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ, ಅಲಮೇಡಾ ಮತ್ತು ಕಾಂಟ್ರಾ ಕೋಸ್ಟಾ ಕೌಂಟಿಗಳಲ್ಲಿ ನೆಲೆಸಿರುವ ಕನ್ನಡಿಗರು.

ವಿಷಯ: ಕೌಂಟಿ ಮಟ್ಟದ ಕ್ರಿಮಿನಲ್ ದಾಖಲೆಗಳನ್ನು ಹುಡುಕಲು ಮತ್ತು ಅವುಗಳ ದೃಢೀಕೃತ ನಕಲು ಪಡೆಯಲು ಕನ್ನಡದಲ್ಲಿ ಕೈಪಿಡಿ, ಸಹಾಯ ಕೇಂದ್ರ ಮತ್ತು ಕಾನೂನು ನೆರವು ಒದಗಿಸುವ ಬಗ್ಗೆ.

ಮಾನ್ಯರೇ,

ನಮ್ಮ ಜನ ನಾಚಿಕೆಯಿಂದ ಹೊರಗೆ ಹೇಳಿಕೊಳ್ಳದ ಒಂದು ತೊಂದರೆಯನ್ನು ತಮ್ಮ ಗಮನಕ್ಕೆ ತರಲು ಈ ಮನವಿ ಸಲ್ಲಿಸುತ್ತಿದ್ದೇವೆ. ಅಮೆರಿಕದಲ್ಲಿ ಒಬ್ಬ ವಲಸಿಗನನ್ನು ಪೊಲೀಸರು ಒಮ್ಮೆ ಬಂಧಿಸಿದರೆ, ಆಮೇಲೆ ಪ್ರಕರಣ ವಜಾ ಆಗಿದ್ದರೂ ಆ ಬಂಧನದ ಪ್ರಶ್ನೆ ಅವನ ಬೆನ್ನು ಬಿಡುವುದಿಲ್ಲ. ವೀಸಾಕ್ಕೆ ತುಂಬುವ ಡಿಎಸ್-160 ಅರ್ಜಿಯಲ್ಲಿ ಅದನ್ನು ಕೇಳುತ್ತಾರೆ, ಪೌರತ್ವದ ಎನ್-400 ಅರ್ಜಿಯಲ್ಲೂ ಕೇಳುತ್ತಾರೆ. ಹೌದು ಎಂದು ಬರೆದವರು ಆ ಪ್ರಕರಣ ಹೇಗೆ ಮುಗಿಯಿತು ಎಂಬುದನ್ನು ನ್ಯಾಯಾಲಯದ ಮೊಹರು ಬಿದ್ದ ಕಾಗದದಿಂದ ತೋರಿಸಬೇಕಾಗುತ್ತದೆ. ಇಲ್ಲಿ ಎಲ್ಲರೂ ‘ಡಿಸ್ಪೊಸಿಷನ್’ ಎಂದು ಕರೆಯುವ ಆ ಕಾಗದ ವಾಷಿಂಗ್ಟನ್‌ನಲ್ಲಿ ಸಿಗುವುದಿಲ್ಲ, ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲೂ ಸಿಗುವುದಿಲ್ಲ. ಅದು ಇರುವುದು ಕೌಂಟಿ ನ್ಯಾಯಾಲಯದ ಗುಮಾಸ್ತರ ಕಚೇರಿಯಲ್ಲಿ.

ಇದು ಯಾರ ತೊಂದರೆ ಎಂದು ತಾವು ಕೇಳಬಹುದು. ಊಟದ ಕೂಟದಿಂದ ಕಾರಿನಲ್ಲಿ ಮರಳುವಾಗ ಕುಡಿದು ಓಡಿಸಿದ ಆರೋಪಕ್ಕೆ ಸಿಕ್ಕಿದ ಎಂಜಿನಿಯರ್, ಗಂಡ ಹೆಂಡತಿಯ ಜಗಳ ಕೇಳಿ ಪಕ್ಕದ ಮನೆಯವರು ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದ್ದರಿಂದ ಠಾಣೆಗೆ ಹೋಗಬೇಕಾಗಿ ಬಂದ ದಂಪತಿ, ಅಂಗಡಿಯಲ್ಲಿ ಬಿಲ್ ಆಗದ ಸಾಮಾನಿನ ಜೊತೆ ಹೊರಬಂದ ವಿದ್ಯಾರ್ಥಿ ಅಥವಾ ಮಕ್ಕಳನ್ನು ನೋಡಲು ಬಂದ ತಂದೆತಾಯಿ. ಇವರಲ್ಲಿ ಕೆಲವರು ತಪ್ಪು ಮಾಡಿದ್ದಾರೆ, ದಂಡ ತೆತ್ತಿದ್ದಾರೆ. ಕೆಲವರ ಮೇಲೆ ಸರ್ಕಾರಿ ವಕೀಲರು ಆರೋಪವನ್ನೇ ದಾಖಲಿಸಿಲ್ಲ. ಆದರೆ ಕಾಗದ ಮಾತ್ರ ಎಲ್ಲರಿಗೂ ಬೇಕು. ಎಷ್ಟೋ ಬಾರಿ ಅದರ ಅಗತ್ಯ ತಿಳಿಯುವುದು ಅವರು ಊರಿಗೆ ಬಂದು, ಚೆನ್ನೈ ಅಥವಾ ಹೈದರಾಬಾದಿನ ಅಮೆರಿಕನ್ ಕಾನ್ಸುಲೇಟಿನಲ್ಲಿ ವೀಸಾ ಮುದ್ರೆಗೆ ಹೋಗಿ ನಿಂತಾಗ. ಆಗ ಮನೆ, ಮಕ್ಕಳ ಶಾಲೆ, ಕೆಲಸ ಎಲ್ಲ ಅಮೆರಿಕದಲ್ಲಿ, ಅವರೊಬ್ಬರು ಮಾತ್ರ ಹಾಸನದಲ್ಲೋ ದಾವಣಗೆರೆಯಲ್ಲೋ ಸಿಕ್ಕಿಬಿದ್ದಿರುತ್ತಾರೆ. ಈ ಮನವಿಯನ್ನು ಬೆಂಗಳೂರಿಗೆ ಕಳುಹಿಸುತ್ತಿರುವುದು ಅದಕ್ಕಾಗಿಯೇ.

ಕ್ಯಾಲಿಫೋರ್ನಿಯಾದಲ್ಲಿ 58 ಕೌಂಟಿಗಳಿವೆ. ಪ್ರತಿ ಕೌಂಟಿಗೂ ಒಂದು ಸುಪೀರಿಯರ್ ಕೋರ್ಟ್, ಪ್ರತಿ ಕೋರ್ಟಿಗೂ ತನ್ನದೇ ದಾಖಲೆ ವ್ಯವಸ್ಥೆ. ಒಂದು ಹೆಸರು ಕೊಟ್ಟು 58ನ್ನೂ ಒಟ್ಟಿಗೆ ಹುಡುಕುವ ಸೌಲಭ್ಯ ಜನಸಾಮಾನ್ಯರಿಗೆ ಇಲ್ಲ. ಜಮೀನು ಇರುವ ಹೋಬಳಿಯಲ್ಲೇ ಪಹಣಿ ಹುಡುಕಬೇಕಾದಂತೆ, ಇಲ್ಲಿ ಘಟನೆ ನಡೆದ ಕೌಂಟಿಯಲ್ಲೇ ಹುಡುಕಬೇಕು. ವಾಸದ ವಿಳಾಸ ಲೆಕ್ಕಕ್ಕೆ ಬರುವುದಿಲ್ಲ. ಫ್ರೀಮಾಂಟ್ ಇರುವುದು ಅಲಮೇಡಾ ಕೌಂಟಿಯಲ್ಲಿ, ಅದಕ್ಕೆ ಅಂಟಿಕೊಂಡಿರುವ ಮಿಲ್ಪಿಟಾಸ್ ಸಾಂತಾ ಕ್ಲಾರಾ ಕೌಂಟಿಯಲ್ಲಿ. ಡಬ್ಲಿನ್ ಅಲಮೇಡಾಕ್ಕೆ, ಪಕ್ಕದ ಸ್ಯಾನ್ ರಮೋನ್ ಕಾಂಟ್ರಾ ಕೋಸ್ಟಾಕ್ಕೆ ಸೇರಿದ್ದು. ಫ್ರೀಮಾಂಟಿನವರು ಮಿಲ್ಪಿಟಾಸಿನಲ್ಲಿ ಹೆದ್ದಾರಿ ಪೊಲೀಸರಿಗೆ ಸಿಕ್ಕಿದ್ದರೆ, ಹಿಡಿದದ್ದು ರಾಜ್ಯದ ಪೊಲೀಸರಾದರೂ ಕಡತ ಇರುವುದು ಸಾಂತಾ ಕ್ಲಾರಾ ಕೌಂಟಿಯ ನ್ಯಾಯಾಲಯದಲ್ಲಿ. ತಮ್ಮ ಮನೆಯಿರುವ ಕೌಂಟಿಯಲ್ಲಿ ಹುಡುಕಿ, ದಾಖಲೆಯೇ ಇಲ್ಲ ಎಂದು ನಂಬಿ, ಅರ್ಜಿಯಲ್ಲಿ ಇಲ್ಲ ಎಂದು ಬರೆದುಬಿಡುವ ಅಪಾಯ ದೊಡ್ಡದು. ಮುಗಿದುಹೋದ ಸಣ್ಣ ಪ್ರಕರಣಕ್ಕಿಂತ ಸುಳ್ಳು ಹೇಳಿದ ಆರೋಪ ವಲಸೆಯ ಕಾನೂನಿನಲ್ಲಿ ಎಷ್ಟೋ ಹೆಚ್ಚು ಭಾರವಾದದ್ದು.

ಬೇರೆ ರಾಜ್ಯಗಳ ಕ್ರಮ ಬೇರೆ. ಟೆಕ್ಸಾಸಿನ 254 ಕೌಂಟಿಗಳಲ್ಲಿ ಗಂಭೀರ ಅಪರಾಧಗಳ ಕಡತ ಡಿಸ್ಟ್ರಿಕ್ಟ್ ಕ್ಲರ್ಕ್ ಬಳಿ ಇದ್ದರೆ, ಜೈಲುಶಿಕ್ಷೆಗೆ ಒಳಪಡುವ ಲಘು ಅಪರಾಧಗಳದು ಸಾಮಾನ್ಯವಾಗಿ ಕೌಂಟಿ ಕ್ಲರ್ಕ್ ಬಳಿ. ನ್ಯೂಜೆರ್ಸಿಯಲ್ಲಿ ಕುಡಿದು ಗಾಡಿ ಓಡಿಸಿದ ಪ್ರಕರಣವನ್ನು ಸಂಚಾರ ಉಲ್ಲಂಘನೆ ಎಂದು ನೋಡುತ್ತಾರೆ, ಅದು ಪುರಸಭಾ ಮಟ್ಟದ ಮುನಿಸಿಪಲ್ ಕೋರ್ಟಿನಲ್ಲಿ ನಡೆಯುತ್ತದೆ. ಆದ್ದರಿಂದ ಒಂದೇ ಕೈಪಿಡಿ ಇಡೀ ಅಮೆರಿಕಕ್ಕೆ ಸಾಲದು.

ನಮ್ಮ ಮೊದಲ ಬೇಡಿಕೆ ಇಂಥ ಕೈಪಿಡಿಗಳದೇ. ಕನ್ನಡಿಗರು ಹೆಚ್ಚಾಗಿರುವ ರಾಜ್ಯಗಳಿಂದ ಶುರುಮಾಡಿ, ಅಲ್ಲಿನ ವಕೀಲರಿಂದ ಪರಿಶೀಲಿಸಿದ, ಪ್ರತಿ ವರ್ಷ ತಿದ್ದುಪಡಿಯಾಗುವ ಕೈಪಿಡಿಯನ್ನು ಸಮಿತಿ ಕನ್ನಡದಲ್ಲಿ ಹೊರತರಬೇಕು. ಇಲ್ಲಿ ಕೆಲಸ ಮಾಡುವವರಿಗೆ ಇಂಗ್ಲಿಷ್ ಬರುತ್ತದಲ್ಲ ಎಂಬ ಆಕ್ಷೇಪ ಬರಬಹುದು. ಆದರೆ ಅಂಚೆಯಲ್ಲಿ ಅರ್ಜಿ ಕಳುಹಿಸಲು ಓಡಾಡುವವರು ಊರಿನಲ್ಲಿರುವ ಅಪ್ಪ, ಅಮ್ಮ, ಅಣ್ಣಂದಿರು. ಅವರಿಗೂ ಅರ್ಥವಾಗುವ ಭಾಷೆಯಲ್ಲಿ ಅದು ಇರಬೇಕು.

ಆ ಕೈಪಿಡಿ ಮೊದಲು ಬಿಡಿಸಿ ಹೇಳಬೇಕಾದದ್ದು ಮೂರು ಬೇರೆ ಬೇರೆ ಕಾಗದಗಳ ವಿಚಾರ. ಪೊಲೀಸ್ ವರದಿ ಇರುವುದು ಬಂಧಿಸಿದ ಠಾಣೆ ಅಥವಾ ಶೆರೀಫ್ ಕಚೇರಿಯಲ್ಲಿ. ಆರೋಪ, ಪ್ರತಿದಿನದ ನಡಾವಳಿ, ಅಂತಿಮ ಆದೇಶ ಇರುವುದು ಸುಪೀರಿಯರ್ ಕೋರ್ಟಿನಲ್ಲಿ. ಇಡೀ ರಾಜ್ಯದಲ್ಲಿ ಒಬ್ಬರ ಮೇಲಿರುವ ಬಂಧನ ಮತ್ತು ಪ್ರಕರಣಗಳ ಸಾರಾಂಶ ಇರುವುದು ರಾಜ್ಯದ ನ್ಯಾಯ ಇಲಾಖೆಯಲ್ಲಿ. ಈ ಸಾರಾಂಶವನ್ನು ಬೇರೆಯವರು ಕೇಳುವಂತಿಲ್ಲ. ತನ್ನದನ್ನು ತಾನು ನೋಡಬಯಸುವವನು ಬೆರಳಚ್ಚು ಕೊಟ್ಟು, 25 ಡಾಲರ್ ಶುಲ್ಕ ತುಂಬಿ ತರಿಸಿಕೊಳ್ಳಬಹುದು. ಯಾವ ಕೌಂಟಿ, ಯಾವ ವರ್ಷ ಎಂಬುದೇ ಮರೆತಿದ್ದರೆ ಇಲ್ಲಿಂದ ಹೊರಡುವುದೇ ಸರಿಯಾದ ದಾರಿ. ಆದರೆ ಈ ಸಾರಾಂಶ ಡಿಸ್ಪೊಸಿಷನ್‌ಗೆ ಬದಲಿಯಲ್ಲ. ಅದರಲ್ಲಿ ಸಿಕ್ಕ ಪ್ರಕರಣ ಸಂಖ್ಯೆ ಹಿಡಿದು ಕೌಂಟಿ ನ್ಯಾಯಾಲಯಕ್ಕೆ ಬರೆಯಬೇಕು. ನ್ಯಾಯಾಲಯ ನಕಲಿಗೆ ಪುಟಕ್ಕೆ 50 ಸೆಂಟ್ ಪಡೆಯುತ್ತದೆ, ದೃಢೀಕರಣಕ್ಕೆ ಬೇರೆ ಶುಲ್ಕವಿದೆ. ಸಂಖ್ಯೆ ಕೊಡದೆ ಹೆಸರು ಮಾತ್ರ ಕೊಟ್ಟು, ಹುಡುಕಾಟಕ್ಕೆ 10 ನಿಮಿಷ ಮೀರಿದರೆ ಇನ್ನೂ 15 ಡಾಲರ್ ಕೊಡಬೇಕು.

ಕಂಪ್ಯೂಟರಿನಲ್ಲೇ ಕಡತ ತೆರೆಯಬಹುದೆಂದು ಬೆಂಗಳೂರಿನಲ್ಲಿ ಕುಳಿತವರು ಭಾವಿಸುತ್ತಾರೆ. ಆದರೆ ಕ್ಯಾಲಿಫೋರ್ನಿಯಾದ ನ್ಯಾಯಾಲಯ ನಿಯಮಗಳ 2.503ನೇ ನಿಯಮದ ಪ್ರಕಾರ ಕ್ರಿಮಿನಲ್ ಕಡತಗಳನ್ನು ಸಾರ್ವಜನಿಕರು ಸಾಮಾನ್ಯವಾಗಿ ನ್ಯಾಯಾಲಯದ ಕಟ್ಟಡದೊಳಗಿನ ಗಣಕಯಂತ್ರದಲ್ಲಿ ಮಾತ್ರ ನೋಡಬಹುದು. ದೂರದಿಂದ ಸಿಗುವುದು ಸೂಚಿ, ದಿನಾಂಕಗಳು, ನಡಾವಳಿಯ ಪಟ್ಟಿ ಮಾತ್ರ. ಆರೋಪ ಹೊತ್ತವರ ಖಾಸಗಿತನ ಕಾಯಲು ಮಾಡಿದ ನಿಯಮ ಇದು, ಅದರ ಉದ್ದೇಶವನ್ನು ನಾವು ಗೌರವಿಸುತ್ತೇವೆ.

ಹೆಸರಿನ ವಿಚಾರಕ್ಕೆ ಬಂದರೆ ಕನ್ನಡಿಗರ ಪಾಡು ಇನ್ನಷ್ಟು ಕಷ್ಟದ್ದು. 2021ರಲ್ಲಿ ರಿವರ್‌ಸೈಡ್ ಕೌಂಟಿಗೆ ಸಂಬಂಧಿಸಿದ ಹ್ಯಾಮ್ರಿಕ್ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ, ಕ್ರಿಮಿನಲ್ ಸೂಚಿಯನ್ನು ಜನ್ಮದಿನಾಂಕ ಅಥವಾ ಚಾಲನಾ ಪರವಾನಗಿ ಸಂಖ್ಯೆಯಿಂದ ಹುಡುಕಲು ಬಿಡುವುದು ನಿಯಮಕ್ಕೆ ವಿರುದ್ಧ ಎಂದು ಹೇಳಿತು. ಅಂಥ ಹುಡುಕಾಟಕ್ಕೆ ಮತ್ತೆ ಅವಕಾಶ ಕೊಡುವ ಮಸೂದೆಯನ್ನು ರಾಜ್ಯಪಾಲ ಗ್ಯಾವಿನ್ ನ್ಯೂಸಮ್ 2022ರಲ್ಲಿ ತಿರಸ್ಕರಿಸಿದರು. ಶಿಕ್ಷೆ ಮುಗಿಸಿ ಬದುಕು ಕಟ್ಟಿಕೊಳ್ಳುತ್ತಿರುವವರಿಗೆ ಇದರಿಂದ ಅನುಕೂಲವಾಗಿದೆ, ಆಗಲಿ. ಆದರೆ ಹುಡುಕಾಟ ಹೆಸರೊಂದರ ಮೇಲೆ ನಿಂತಾಗ ನಮ್ಮ ಹೆಸರುಗಳು ಎಲ್ಲೆಲ್ಲಿಗೋ ಹೋಗಿ ಕೂರುತ್ತವೆ. ಒಬ್ಬರ ಕೊನೆಯ ಹೆಸರು ಊರು, ಇನ್ನೊಬ್ಬರದು ತಂದೆಯ ಹೆಸರು, ಮತ್ತೊಬ್ಬರ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಿರುತ್ತಾರೆ. ಪಾಸ್‌ಪೋರ್ಟಿನಲ್ಲಿ ಹೆಸರಿನ ಒಂದು ಕಲಂ ಖಾಲಿ ಇದ್ದವರಿಗೆ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಮೊದಲ ಹೆಸರಾಗಿ ಅಚ್ಚಾಗುತ್ತದೆ, ಪೊಲೀಸರೂ ಅದನ್ನೇ ಬರೆದುಕೊಳ್ಳಬಹುದು. ಲಕ್ಷ್ಮಿ, ಶೆಟ್ಟಿ, ಗೌಡ ಎಂಬ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆಯುವ ಬಗೆಗಳು ಹಲವು. ಹೀಗಾಗಿ ಒಮ್ಮೊಮ್ಮೆ ನಮ್ಮದೇ ಕಡತ ನಮಗೆ ಸಿಗುವುದಿಲ್ಲ, ಅದೇ ಹೆಸರಿನ ಬೇರೆಯವರ ಕಡತ ನಮ್ಮ ತಲೆಗೆ ಕಟ್ಟಿಕೊಳ್ಳುತ್ತದೆ. ಉದ್ಯೋಗಕ್ಕೆ ಮುನ್ನ ಹಿನ್ನೆಲೆ ತಪಾಸಣೆ ಮಾಡುವ ಕಂಪನಿ ಇಂಥ ತಪ್ಪು ಮಾಡಿದರೆ, ಅದನ್ನು ಪ್ರಶ್ನಿಸುವ ಹಕ್ಕನ್ನು ಫೆಡರಲ್ ಕಾನೂನು ಕೊಟ್ಟಿದೆ. ದೂರು ತಲುಪಿದ ಮೇಲೆ ಸಾಮಾನ್ಯವಾಗಿ 30 ದಿನಗಳೊಳಗೆ ಅವರು ಮರುಪರಿಶೀಲಿಸಬೇಕು. ಹೆಸರಿನ ಈ ಎಲ್ಲ ಬರಹಗಳೂ ಒಬ್ಬರೇ ವ್ಯಕ್ತಿಗೆ ಸೇರಿದವು ಎಂದು ತೋರಿಸುವ ಪ್ರಮಾಣಪತ್ರಕ್ಕೆ ಒಂದು ನಿಶ್ಚಿತ ಇಂಗ್ಲಿಷ್–ಕನ್ನಡ ನಮೂನೆಯನ್ನು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಜನನ ಪತ್ರದ ಆಧಾರದ ಮೇಲೆ, ಕಂದಾಯ ಇಲಾಖೆಯ ಮೂಲಕ ಜಾರಿಗೆ ತರಬೇಕೆಂದು ಕೋರುತ್ತೇವೆ.

ಇನ್ನೊಂದು ಬಲೆಯ ಬಗ್ಗೆ ಒತ್ತಿ ಹೇಳಬೇಕಿದೆ. ಶಿಕ್ಷೆಯಾಗದ ಬಂಧನವನ್ನು ಮುಚ್ಚಿಸಲು ಕ್ಯಾಲಿಫೋರ್ನಿಯಾ ದಂಡ ಸಂಹಿತೆಯ 851.91ನೇ ಕಲಂ ಇದೆ. ಪ್ರೊಬೇಷನ್ ಮುಗಿಸಿದವರ ಪ್ರಕರಣ ವಜಾ ಮಾಡಿಸಲು 1203.4ನೇ ಕಲಂ ಇದೆ. ಸ್ನೇಹಿತರು ಒಳ್ಳೆಯ ಮನಸ್ಸಿನಿಂದ ‘ಅದನ್ನು ಅಳಿಸಿಹಾಕಿಸಿಬಿಡು’ ಎಂದು ಹೇಳುತ್ತಾರೆ. ಆದರೆ ರಾಜ್ಯದ ಕಾನೂನು ಅಳಿಸಿದ್ದನ್ನು ವಲಸೆ ಕಾನೂನು ಸಾಮಾನ್ಯವಾಗಿ ಅಳಿಸುವುದಿಲ್ಲ. ತಪ್ಪೊಪ್ಪಿಗೆ ಇದ್ದು, ಅದಕ್ಕೆ ಯಾವುದೇ ಬಗೆಯ ದಂಡನೆ ಸೇರಿದ್ದರೆ, 1996ರ ಫೆಡರಲ್ ತಿದ್ದುಪಡಿಯ ಪ್ರಕಾರ ಅದು ಅಪರಾಧ ಸಾಬೀತಾದಂತೆಯೇ. ಎನ್-400 ಅರ್ಜಿಯಲ್ಲಿ ಮುಚ್ಚಿದ ದಾಖಲೆಯನ್ನೂ ಹೇಳಬೇಕು. ಆದರೆ ಮುಚ್ಚಿದ ಮೇಲೆ ಅದರ ನಕಲು ಪಡೆಯುವುದು ಕಷ್ಟವಾಗುತ್ತದೆ. ಆದ್ದರಿಂದ ಮುಚ್ಚಿಸುವ ಮೊದಲೇ ದೃಢೀಕೃತ ನಕಲುಗಳನ್ನು ಒಂದಕ್ಕಿಂತ ಹೆಚ್ಚು ತೆಗೆದಿಟ್ಟುಕೊಳ್ಳಬೇಕು, ಹೆಜ್ಜೆ ಇಡುವ ಮುನ್ನ ವಲಸೆ ವಕೀಲರನ್ನು ಕೇಳಬೇಕು. ಕೈಪಿಡಿಯ ಮೊದಲ ಪುಟದಲ್ಲೇ ಇದು ದಪ್ಪ ಅಕ್ಷರದಲ್ಲಿ ಇರಲಿ.

ಕಾಲವೂ ಸುಮ್ಮನಿರುವುದಿಲ್ಲ. ರಾಜ್ಯದ ಕಾನೂನಿನಂತೆ ಬಹುತೇಕ ಲಘು ಅಪರಾಧಗಳ ಕಡತವನ್ನು 5 ವರ್ಷಗಳ ನಂತರ, ಕುಡಿದು ಓಡಿಸಿದ ಪ್ರಕರಣದ್ದನ್ನು 10 ವರ್ಷಗಳ ನಂತರ ನ್ಯಾಯಾಲಯ ನಾಶಮಾಡಬಹುದು. ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯುವ ಭಾರತೀಯರಿಗೆ ಈ ಅವಧಿ ತೀರಾ ಕಡಿಮೆ. ಪೌರತ್ವದ ಅರ್ಜಿ ಹಾಕುವ ಹೊತ್ತಿಗೆ ಕಡತವೇ ಇಲ್ಲದಿರಬಹುದು. ಆಗ ದಾಖಲೆ ಲಭ್ಯವಿಲ್ಲ ಎಂಬುದನ್ನು ನ್ಯಾಯಾಲಯದಿಂದಲೇ ಬರೆಸಿ, ಮೊಹರು ಹಾಕಿಸಿ ತರಬೇಕಾಗುತ್ತದೆ. ಬರಿಗೈಯಲ್ಲಿ ಹೋಗಿ ‘ಸಿಗಲಿಲ್ಲ’ ಎಂದರೆ ಆಗುವುದಿಲ್ಲ.

ನಮ್ಮ ಮತ್ತೊಂದು ಬೇಡಿಕೆಯನ್ನು ಸಮಿತಿ ವಿಶೇಷ ಗಮನದಿಂದ ನೋಡಬೇಕು. ಗಂಡನ ವೀಸಾದ ನೆರಳಿನಲ್ಲಿ ಎಚ್-4 ವೀಸಾದ ಮೇಲೆ ಬಂದ ಹೆಣ್ಣುಮಕ್ಕಳಲ್ಲಿ ಹೊಡೆತ ತಿಂದು, ಪೊಲೀಸರಿಗೆ ತಿಳಿಸಿ, ಕೊನೆಗೆ ತವರಿಗೆ ಮರಳುವವರಿದ್ದಾರೆ. ಮಂಡ್ಯದಲ್ಲೋ ಧಾರವಾಡದಲ್ಲೋ ಕೌಟುಂಬಿಕ ನ್ಯಾಯಾಲಯದಲ್ಲಿ ವಿಚ್ಛೇದನ, ಜೀವನಾಂಶ, ಮಗುವಿನ ಪಾಲನೆ ಕೇಳುವಾಗ ಅಮೆರಿಕದಲ್ಲಿ ನಡೆದದ್ದಕ್ಕೆ ಸಾಕ್ಷಿ ಏನು ಎಂಬ ಪ್ರಶ್ನೆ ಏಳುತ್ತದೆ. ಸಾಕ್ಷಿ ಕೌಂಟಿಯಲ್ಲಿದೆ. ಕ್ಯಾಲಿಫೋರ್ನಿಯಾ ಕುಟುಂಬ ಸಂಹಿತೆಯ 6228ನೇ ಕಲಂ, ಕೌಟುಂಬಿಕ ದೌರ್ಜನ್ಯಕ್ಕೆ ಒಳಗಾದವರಿಗೆ ಪೊಲೀಸ್ ವರದಿಯ ಒಂದು ಪ್ರತಿಯನ್ನು ಉಚಿತವಾಗಿ, ಸಾಮಾನ್ಯವಾಗಿ 5 ಕೆಲಸದ ದಿನಗಳಲ್ಲಿ ಕೊಡಬೇಕು ಎನ್ನುತ್ತದೆ. ಅವರ ಪರವಾಗಿ ಪ್ರತಿನಿಧಿಯೂ ಕೇಳಬಹುದು. ನ್ಯಾಯಾಲಯದ ದೃಢೀಕೃತ ನಕಲಿಗೆ ಕ್ಯಾಲಿಫೋರ್ನಿಯಾದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ, ವಿದೇಶದಲ್ಲಿ ಮಾನ್ಯತೆ ಕೊಡುವ ‘ಅಪೋಸ್ಟಿಲ್’ ಮುದ್ರೆ ಹಾಕಿಸಬಹುದು. 2005ರಿಂದಲೇ ಭಾರತದಲ್ಲಿ ಅಪೋಸ್ಟಿಲ್ ಒಪ್ಪಂದ ಜಾರಿಯಲ್ಲಿದೆ. ದಾರಿ ಇದೆ, ಆದರೆ ಹಣವಿಲ್ಲದೆ, ಕೈಯಲ್ಲಿ ಮಗು ಹಿಡಿದು ವಿಮಾನ ಇಳಿದ ಹೆಣ್ಣುಮಗಳಿಗೆ ಈ ದಾರಿ ತೋರಿಸುವವರಿಲ್ಲ. ಸಮಿತಿ ಮತ್ತು ಕರ್ನಾಟಕ ರಾಜ್ಯ ಮಹಿಳಾ ಆಯೋಗ ಸೇರಿ ಇಂಥವರ ಪರವಾಗಿ ದಾಖಲೆ ತರಿಸಿ, ಕನ್ನಡಕ್ಕೆ ಅನುವಾದ ಮಾಡಿಸಿ ಕೊಡುವ ವ್ಯವಸ್ಥೆ ಮಾಡಬೇಕು, ಅದರ ವೆಚ್ಚವನ್ನು ಸರ್ಕಾರ ಭರಿಸಬೇಕು.

ಇದರ ಜೊತೆಗೆ ಸಮಿತಿಯ ಕಚೇರಿಯಲ್ಲೇ ಒಂದು ಸಹಾಯ ಕೇಂದ್ರ ತೆರೆಯಬೇಕು. ಅಮೆರಿಕದ ಪಶ್ಚಿಮ ಕರಾವಳಿಯ ಕಚೇರಿಗಳು ಬಾಗಿಲು ತೆರೆಯುವುದು ಕರ್ನಾಟಕದಲ್ಲಿ ರಾತ್ರಿಯಾದ ಮೇಲೆ, ಆದ್ದರಿಂದ ರಾತ್ರಿ ಪಾಳಿಯ ಒಬ್ಬ ಸಿಬ್ಬಂದಿಯಾದರೂ ಬೇಕು. ಸ್ಯಾನ್ ಫ್ರಾನ್ಸಿಸ್ಕೊ, ಹ್ಯೂಸ್ಟನ್‌ನ ಭಾರತೀಯ ಕಾನ್ಸುಲೇಟುಗಳ ಜೊತೆ ಮಾತಾಡಿ, ಉಚಿತ ಅಥವಾ ಕಡಿಮೆ ಶುಲ್ಕದ ವಕೀಲರ ಪಟ್ಟಿಯನ್ನು ಪಡೆದು ಆ ಕೇಂದ್ರದಲ್ಲಿ ಇಡಬೇಕು. ಜಾಲತಾಣದಲ್ಲಿ ಹೆಸರು ಹಾಕಿದೊಡನೆ ‘ಪೂರ್ತಿ ದಾಖಲೆ ಸಿಕ್ಕಿತು’ ಎಂದು ಹಣ ಕಟ್ಟಿಸಿಕೊಳ್ಳುವ ಖಾಸಗಿ ಸೇವೆಗಳಿಗೂ ನ್ಯಾಯಾಲಯಕ್ಕೂ ಸಂಬಂಧವಿಲ್ಲ, ಅವರು ಕೊಡುವ ಹಾಳೆಗೆ ವೀಸಾ ಅಧಿಕಾರಿಯ ಮುಂದೆ ಬೆಲೆಯಿಲ್ಲ ಎಂಬ ಎಚ್ಚರಿಕೆಯನ್ನೂ ಪ್ರಕಟಿಸಬೇಕು.

ಕೌಂಟಿ ನ್ಯಾಯಾಲಯಗಳ ನಿಯಮ ಬದಲಿಸುವುದು ತಮ್ಮ ಕೈಯಲ್ಲಿಲ್ಲ ಎಂಬುದನ್ನು ನಾವು ಬಲ್ಲೆವು, ಅದನ್ನು ಕೇಳುತ್ತಲೂ ಇಲ್ಲ. ಒಂದು ಷರತ್ತನ್ನು ಮಾತ್ರ ಬಿಡಲಾರೆವು. ಸಹಾಯ ಕೇಳಿದವರ ಪ್ರಕರಣದ ವಿವರ, ಪಾಸ್‌ಪೋರ್ಟ್ ಸಂಖ್ಯೆ, ಬೆರಳಚ್ಚು ಇವುಗಳಲ್ಲಿ ಯಾವುದನ್ನೂ ಸಮಿತಿ ತನ್ನ ಕಡತದಲ್ಲಿ ಉಳಿಸಿಕೊಳ್ಳಬಾರದು. ಕೆಲಸ ಮುಗಿದೊಡನೆ ಕಾಗದಗಳನ್ನು ಅವರಿಗೇ ಮರಳಿಸಬೇಕು, ಬೇರೆ ಇಲಾಖೆಗೆ ಕೊಡಬಾರದು. ಈ ಭರವಸೆ ಲಿಖಿತವಾಗಿ ಇಲ್ಲದಿದ್ದರೆ ನಮ್ಮ ಜನ ಆ ಕೇಂದ್ರದ ಬಾಗಿಲಿಗೆ ಬರುವುದಿಲ್ಲ.

ಸಮಿತಿಯ ಮುಂದಿನ ಸಭೆಯಲ್ಲಿ ಈ ಮನವಿಯನ್ನು ಚರ್ಚೆಗೆ ತೆಗೆದುಕೊಂಡು, ಕೈಪಿಡಿಯ ಕರಡು ತಯಾರಿಸಲು ಒಬ್ಬ ಅಧಿಕಾರಿಯನ್ನು ನೇಮಿಸಿ, ತೀರ್ಮಾನವನ್ನು ನಮಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ. ಕರಡನ್ನು ಓದಿ ತಿದ್ದಲು, ಇಲ್ಲಿನ ನ್ಯಾಯಾಲಯದ ಕಚೇರಿಗಳಿಗೆ ಹೋಗಿ ಮಾಹಿತಿ ಖಚಿತಪಡಿಸಲು ನಮ್ಮಲ್ಲಿ ಸ್ವಯಂಸೇವಕರು ಸಿದ್ಧರಿದ್ದಾರೆ.

ಗೌರವಗಳೊಂದಿಗೆ,

ತಮ್ಮ ವಿಶ್ವಾಸಿಗಳು,
ಸಹಿ ಮಾಡಿರುವ ಕನ್ನಡಿಗರು

ಪ್ರತಿ:
1. ಮಾನ್ಯ ಅಧ್ಯಕ್ಷರು, ಕರ್ನಾಟಕ ರಾಜ್ಯ ಮಹಿಳಾ ಆಯೋಗ, ಬೆಂಗಳೂರು.
2. ಮಾನ್ಯ ಕಾನ್ಸುಲ್ ಜನರಲ್, ಭಾರತೀಯ ಕಾನ್ಸುಲೇಟ್, ಸ್ಯಾನ್ ಫ್ರಾನ್ಸಿಸ್ಕೊ.