ಆಡಿಟರಿಗೆ ಒಪ್ಪಿಸಿದ್ದು ಕೆಲಸ, ಹೊಣೆಯಲ್ಲ

2025ರ ಜುಲೈ ತಿಂಗಳಲ್ಲಿ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿ ತೆರಿಗೆಯ ನೋಟಿಸು ಬಂದಾಗ ರಾಜ್ಯದ ವ್ಯಾಪಾರಿ ವರ್ಗವೇ ಬೆಚ್ಚಿಬಿದ್ದಿತ್ತು. ನಾಲ್ಕು ವರ್ಷಗಳಲ್ಲಿ ಯುಪಿಐ ಮೂಲಕ ಅವರಿಗೆ ಸಂದಾಯವಾದ 1.63 ಕೋಟಿ ರೂಪಾಯಿಯೇ ಅದಕ್ಕೆ ಆಧಾರ. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲವೆಂಬುದು ನೋಟಿಸು ಕಳುಹಿಸಿದವರಿಗೆ ತಿಳಿಯದ ಸಂಗತಿಯೇ? ಪ್ರತಿಭಟನೆಯ ಕಾವೇರಿದಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹಳೆಯ ಬಾಕಿಯ ವಸೂಲಿ ಇಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಎಂದರು. ಗದ್ದಲ ಅಡಗಿತು. ನೋಂದಣಿಯಾದ ಮರುದಿನದಿಂದ ಈ ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುವವರಾರು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತಲಿಲ್ಲ.

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಎಲ್ಲವೂ ಸರಳವಾಗುವುದೆಂದು ಸಾರಲಾಗಿತ್ತು. ಆ ಸರಳತೆಯ ಸ್ವರೂಪ ಹೀಗಿದೆ: ತಿಂಗಳ 11ರೊಳಗೆ ಮಾರಾಟದ ವಿವರ, 20ರೊಳಗೆ ತೆರಿಗೆಯೊಂದಿಗೆ ಮತ್ತೊಂದು ರಿಟರ್ನ್, ಅವುಗಳ ನಡುವೆ ಖರೀದಿಯ ಪ್ರತಿಯೊಂದು ಬಿಲ್ಲನ್ನೂ ಪೋರ್ಟಲ್‌ನ ಪಟ್ಟಿಯೊಂದಿಗೆ ತಾಳೆ ನೋಡುವ ಕೆಲಸ. ವಾರ್ಷಿಕ ವಹಿವಾಟು 5 ಕೋಟಿ ಮೀರದವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸಬಹುದಾದರೂ ತೆರಿಗೆಯನ್ನು ತಿಂಗಳು ತಿಂಗಳೂ ಕಟ್ಟಲೇಬೇಕು. ತಡವಾದರೆ ದಿನಕ್ಕೆ 50 ರೂಪಾಯಿ ಶುಲ್ಕ, ಕಟ್ಟದ ತೆರಿಗೆಗೆ ಶೇ. 18 ಬಡ್ಡಿ. ಏನೂ ಮಾರದ ತಿಂಗಳಿಗೂ ರಿಟರ್ನ್ ತಪ್ಪಿದರೆ ದಿನಕ್ಕೆ 20 ರೂಪಾಯಿ! ಕಾಂಪೊಸಿಷನ್ ಯೋಜನೆಗೆ ಸೇರಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಅದಕ್ಕೆ ಸೇರಿದವನು ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ. ಅವನಿಂದ ಕೊಂಡವನಿಗೆ ತೆರಿಗೆ ಕ್ರೆಡಿಟ್ ಸಿಗುವುದಿಲ್ಲ. ಸಗಟು ವ್ಯಾಪಾರಿಯ ಪಾಲಿಗೆ ಅದು ಅಂಗಡಿ ಮುಚ್ಚುವ ದಾರಿ.

ದೊಡ್ಡ ಕಂಪೆನಿಗಳಲ್ಲಿ ಈ ಕೆಲಸಕ್ಕೆ ಹಣಕಾಸು ವಿಭಾಗವೇ ಇರುತ್ತದೆ. ಅಲ್ಲಿಯೂ ಸಿಬ್ಬಂದಿ ಬಸವಳಿದು, ಕೆಲಸವನ್ನು ಹೊರಗಿನ ಸಂಸ್ಥೆಗಳಿಗೆ ಒಪ್ಪಿಸಲಾಗುತ್ತಿದೆ. ನಮ್ಮ ಪಟ್ಟಣಗಳ ಅಂಗಡಿಗಳಲ್ಲಾದರೋ ಹಣಕಾಸು ವಿಭಾಗವೆಂದರೆ ರಾತ್ರಿ ಶಟರ್ ಎಳೆದ ಬಳಿಕ ಪುಸ್ತಕ ಬಿಚ್ಚಿ ಕೂರುವ, ಬಿ.ಕಾಂ. ಓದಿದ ಮಗ, ಇಲ್ಲವೇ ಗಲ್ಲಾಪೆಟ್ಟಿಗೆಯನ್ನೂ ಗೋದಾಮನ್ನೂ ನೋಡಿಕೊಳ್ಳಬೇಕಾದ ಒಬ್ಬ ಗುಮಾಸ್ತ. ಹೀಗಿರುವಾಗ ಬಲ್ಲವರ ಕೈಗೆ ಕೆಲಸವನ್ನು ಒಪ್ಪಿಸುವುದು ವಿವೇಕವೇ ಹೊರತು ಸೋಮಾರಿತನವಲ್ಲ. ಅದನ್ನು ನಾವು ವಿರೋಧಿಸುತ್ತಿಲ್ಲ. ನಮ್ಮ ಆಕ್ಷೇಪವಿರುವುದು 'ಎಲ್ಲವನ್ನೂ ಆಡಿಟರ್ ನೋಡಿಕೊಳ್ಳುತ್ತಾರೆ' ಎಂಬ ನೆಮ್ಮದಿಯ ಬಗ್ಗೆ, ಮತ್ತು ಆ ನೆಮ್ಮದಿಯನ್ನು ಉರುಳನ್ನಾಗಿಸಿರುವ ಕಾನೂನಿನ ಬಗ್ಗೆ.

ಕೇಂದ್ರ ಜಿಎಸ್‌ಟಿ ಕಾಯ್ದೆಯ 48ನೇ ಸೆಕ್ಷನ್, ವ್ಯಾಪಾರಿಗಳ ಪರವಾಗಿ ರಿಟರ್ನ್ ಸಲ್ಲಿಸಲು ಜಿಎಸ್‌ಟಿ ಪ್ರಾಕ್ಟೀಷನರ್ ಎಂಬ ವರ್ಗಕ್ಕೆ ಮಾನ್ಯತೆ ನೀಡಿದೆ. ಅವರಿಗೆ ಪರೀಕ್ಷೆ ನಡೆಸುವುದೂ ನೋಂದಣಿ ಕೊಡುವುದೂ ಸರಕಾರವೇ. ಆದರೆ ಅವರು ಸಲ್ಲಿಸಿದ ವಿವರಗಳು ಸರಿಯಾಗಿರಬೇಕಾದ ಹೊಣೆ ವ್ಯಾಪಾರಿಯದ್ದೇ ಎಂದು ಅದೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ದುರ್ವರ್ತನೆ ಸಾಬೀತಾದರೆ ಪ್ರಾಕ್ಟೀಷನರನ್ನು ಅನರ್ಹಗೊಳಿಸಬಹುದು. ನಷ್ಟ ಮಾತ್ರ ಅಂಗಡಿಯವನದ್ದು. ತಾನೇ ಮುದ್ರೆಯೊತ್ತಿ ಕಳುಹಿಸಿದವನ ತಪ್ಪಿಗೆ ನಂಬಿದವನನ್ನು ದಂಡಿಸುವುದು ಯಾವ ನ್ಯಾಯ?

ಇಷ್ಟಕ್ಕೇ ಮುಗಿಯಲಿಲ್ಲ. 169ನೇ ಸೆಕ್ಷನ್ ಪ್ರಕಾರ ನೋಟಿಸನ್ನು ಪೋರ್ಟಲ್‌ಗೆ ಹಾಕಿದರೆ ಅದು ತಲುಪಿದಂತೆಯೇ ಲೆಕ್ಕ. ನಮ್ಮಲ್ಲಿ ಬಹಳ ಮಂದಿ ನೋಂದಣಿಯ ವೇಳೆ ಮೊಬೈಲ್ ಮತ್ತು ಇಮೇಲ್ ಸ್ಥಾನದಲ್ಲಿ ಆಡಿಟರ್ ಕಚೇರಿಯದ್ದನ್ನೇ ಕೊಟ್ಟಿರುತ್ತಾರೆ. ಪಾಸ್‌ವರ್ಡ್ ಅವರಲ್ಲಿ, ಓಟಿಪಿ ಅವರಿಗೆ. ಪರಿಚಯದ ಪಾದರಕ್ಷೆ ವ್ಯಾಪಾರಿಯೊಬ್ಬರಿಗೆ ತನ್ನ ವಿರುದ್ಧ ಆದೇಶವಾಗಿದೆಯೆಂದು ತಿಳಿದದ್ದು ಸರಕಿನ ಹಣ ಪಾವತಿಸಲು ಹೋದಾಗ ಬ್ಯಾಂಕ್ ಖಾತೆ ಸ್ತಬ್ಧವಾಗಿದ್ದುದರಿಂದ. ಮೇಲ್ಮನವಿಗೆ ಮೂರು ತಿಂಗಳು, ಅಧಿಕಾರಿ ಒಪ್ಪಿದರೆ ಇನ್ನೊಂದು ತಿಂಗಳು, ಎರಡೂ ಕಳೆದಿದ್ದವು. ಪೋರ್ಟಲ್‌ನಲ್ಲಷ್ಟೇ ನೋಟಿಸು ಹಾಕಿದ ಹಲವು ಪ್ರಕರಣಗಳಲ್ಲಿ ಮದ್ರಾಸ್ ಹೈಕೋರ್ಟು ಮರುವಿಚಾರಣೆಗೆ ಆದೇಶಿಸಿದ್ದುಂಟು. ಆದರೆ ಚಪ್ಪಲಿ ಮಾರುವವನು ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲಷ್ಟೇ ನ್ಯಾಯ ಸಿಗಬೇಕೇ?

ನಮ್ಮ ತಪ್ಪನ್ನೂ ಮುಚ್ಚಿಡುವಂತಿಲ್ಲ. ಬಿಲ್ಲುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ 18ರ ಸಂಜೆ ತಂದು ಸುರಿಯುವವರು ನಾವೇ, ತಿಂಗಳ ಫೀಸಿನಲ್ಲಿ ನೂರಿನ್ನೂರು ಕಡಿತಗೊಳಿಸಲು ಚೌಕಾಶಿ ಮಾಡುವವರೂ ನಾವೇ. ಆ ಫೀಸಿನಲ್ಲಿ ಬಾಡಿಗೆ ಮತ್ತು ಸಂಬಳ ಹೊಂದಿಸಲು ಆ ಕಚೇರಿ ಇನ್ನಷ್ಟು ಫೈಲುಗಳನ್ನು ಹಿಡಿಯುತ್ತದೆ. 20ರ ರಾತ್ರಿ ಇಬ್ಬರು ಹುಡುಗರು ಎಲ್ಲವನ್ನೂ ಒಟ್ಟಿಗೇ ತುಂಬುತ್ತಾರೆ. ನಮ್ಮ ಗುಮಾಸ್ತನ ಹೆಗಲಿನ ಹೊರೆ ಕರಗಿಲ್ಲ, ಇನ್ನೊಬ್ಬ ಗುಮಾಸ್ತನ ಹೆಗಲಿಗೇರಿದೆಯಷ್ಟೆ. ನಮ್ಮ ಆಡಿಟರ್ ಪ್ರಾಮಾಣಿಕನಾಗಿದ್ದರೂ ಸಾಲದು. ಸರಕು ಕೊಟ್ಟವನು ತೆರಿಗೆಯನ್ನು ಸರಕಾರಕ್ಕೆ ಕಟ್ಟದಿದ್ದರೆ 16ನೇ ಸೆಕ್ಷನ್ ನಮ್ಮ ಕ್ರೆಡಿಟನ್ನೇ ನಿರಾಕರಿಸುತ್ತದೆ. ಪೂರ್ಣ ಹಣ ಕೊಟ್ಟು ಕೊಂಡವನು ಅದೇ ತೆರಿಗೆಯನ್ನು ಎರಡನೇ ಬಾರಿ ಕಟ್ಟಬೇಕು.

ಪ್ರಾಕ್ಟೀಷನರನ ಲೋಪ ಸಾಬೀತಾದಲ್ಲಿ ವಿಳಂಬ ಶುಲ್ಕ ಮತ್ತು ದಂಡವನ್ನು ಅವರಿಂದಲೇ ವಸೂಲು ಮಾಡುವಂತೆ 48ನೇ ಸೆಕ್ಷನ್‌ಗೆ ತಿದ್ದುಪಡಿಯಾಗಬೇಕು. ಪ್ರತಿ ನೋಟಿಸೂ ಕನ್ನಡದಲ್ಲಿ, ಅಂಚೆಯ ಮೂಲಕ ಅಂಗಡಿಯ ಬಾಗಿಲಿಗೆ ಬರಬೇಕು. ಪಟ್ಟಣದ ವರ್ತಕರ ಸಂಘಗಳು ಬಂದ್‌ಗೆ ಕರೆ ಕೊಡುವಾಗ ತೋರುವ ಒಗ್ಗಟ್ಟನ್ನು, ಹತ್ತಿಪ್ಪತ್ತು ಅಂಗಡಿಗಳಿಗೆ ಒಬ್ಬ ಅರ್ಹ ಲೆಕ್ಕಿಗನನ್ನು ಯೋಗ್ಯ ಸಂಬಳಕ್ಕೆ ನೇಮಿಸುವುದರಲ್ಲಿ ಏಕೆ ತೋರಬಾರದು? ತಿದ್ದುಪಡಿ ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ. ಪೋರ್ಟಲ್‌ನಲ್ಲಿ ಸ್ವಂತ ಮೊಬೈಲ್ ಸಂಖ್ಯೆಯನ್ನು ದಾಖಲಿಸಿ, ರಿಟರ್ನ್ ಸಲ್ಲಿಕೆಯ ಸ್ವೀಕೃತಿಯನ್ನು ಪ್ರತಿ ತಿಂಗಳು ಕೇಳಿ ಪಡೆದು, ನೋಟಿಸುಗಳ ಪುಟವನ್ನು ಹದಿನೈದು ದಿನಕ್ಕೊಮ್ಮೆ ಮಗನಿಂದಲೋ ಮಗಳಿಂದಲೋ ತೆರೆಸಿ ನೋಡುವುದು. ಅದಕ್ಕೆ ಐದು ನಿಮಿಷ ಸಾಕು.