ಗಣಕವು ಪ್ರಶ್ನೆಯನ್ನು ಅರಿಯಬಲ್ಲುದೇ?

ಸುಳ್ಯ ತಾಲೂಕಿನ ಕೊಲ್ಲಮೊಗ್ರು ಗ್ರಾಮದ ಕೃಷಿಕರೊಬ್ಬರು ಅಡಿಕೆಯ ಸೋಗೆಯಲ್ಲಿ ಎಲೆಚುಕ್ಕಿ ರೋಗವನ್ನು ಕಂಡು, ‘ಇದಕ್ಕೆ ಮದ್ದು ಉಂಟಾ, ಎಂತ ಮಾಡುವುದು’ ಎಂದು ಮೊಬೈಲಿನಲ್ಲಿ ಬರೆದರೆನ್ನೋಣ. ನೆರೆಮನೆಯವರಿಗೆ ಅದು ಒಡನೆಯೇ ತಿಳಿಯುತ್ತದೆ. ಗಣಕಕ್ಕೋ?

ನಾಮಪದ, ಕ್ರಿಯಾಪದ, ಅವ್ಯಯ ಎಂದು ನೀವು ವ್ಯಾಕರಣದ ತರಗತಿಯಲ್ಲಿ ಮಾಡುವ ವಿಂಗಡಣೆಯನ್ನೇ ಮಾಡುವ ತಂತ್ರಾಂಶಗಳಿವೆ. ಪಂಡಿತರು ಮೊದಲೇ ಗುರುತುಹಾಕಿಕೊಟ್ಟ ವಾಕ್ಯಗಳಿಂದ ಅವು ಕಲಿಯುತ್ತವೆ. ಕಂಡುದನ್ನು ಬಲ್ಲವು, ಕಾಣದುದನ್ನು ಊಹಿಸುತ್ತವೆ. ಇಂಗ್ಲಿಷಿನಲ್ಲಿ ಇಂತಹವು ನೂರಕ್ಕೆ 97 ಪದಗಳನ್ನು ಸರಿಯಾಗಿ ಗುರುತಿಸುತ್ತವೆಂದು ಹೇಳುವುದುಂಟು. ಆ ಅಂಕಿ ಬಂದುದು ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆಯ ಬರಹದ ಮೇಲೆ. ಅಲ್ಲಿ ವರದಿ ಹೆಚ್ಚು, ಪ್ರಶ್ನೆ ವಿರಳ. ಅದಿರಲಿ, 0.97ನ್ನು ಹತ್ತು ಸಲ ಗುಣಿಸಿ ನೋಡಿರಿ: ತಪ್ಪುಗಳು ಒಂದನ್ನೊಂದು ಅವಲಂಬಿಸದಿದ್ದರೆ, ಹತ್ತು ಪದಗಳ ನೂರು ವಾಕ್ಯಗಳಲ್ಲಿ ಪೂರ್ತಿ ಸರಿಯಾಗುವುವು ಸುಮಾರು 74 ಮಾತ್ರ. 2006ರಲ್ಲಿ ಡಬ್ಲಿನ್ನಿನ ಸಂಶೋಧಕರು 4,000 ಇಂಗ್ಲಿಷ್ ಪ್ರಶ್ನೆಗಳ ಸಂಗ್ರಹವೊಂದನ್ನು ಸಿದ್ಧಪಡಿಸಿದರು. ಪತ್ರಿಕೆಯ ವಾಕ್ಯಗಳನ್ನಷ್ಟೇ ಕಲಿತ ವಾಕ್ಯವಿಶ್ಲೇಷಕವು ಪ್ರಶ್ನೆಗಳಲ್ಲಿ ಎಡವಿತು. ಪ್ರಶ್ನೆಗಳನ್ನೂ ಕಲಿಸಿದಾಗ ಚೇತರಿಸಿಕೊಂಡಿತು.

ನಮ್ಮ ಕೃಷಿಕರ ವಾಕ್ಯಕ್ಕೆ ಮರಳೋಣ. ಕರಾವಳಿಯ ‘ಎಂತ’ ಎಂದರೆ ‘ಏನು’, ಅದೊಂದು ಸರ್ವನಾಮ. ಪತ್ರಿಕೆಯ ಕನ್ನಡವನ್ನೇ ಕಲಿತ ಗಣಕವು ಅದನ್ನು ‘ಎಂಥ’ ಎಂಬ ವಿಶೇಷಣವೆಂದೋ, ‘ಎಂದು’ ಎಂಬರ್ಥದ ಅವ್ಯಯವೆಂದೋ ಬಗೆದೀತು. ‘ಉಂಟಾ’ ಎಂಬುದು ‘ಉಂಟಾಯಿತು’ ಎಂಬುದರ ತುಂಡಿನಂತೆ ಕಂಡೀತು. ಗ್ರಂಥಭಾಷೆಗೆ ಹೋದರೂ ಬಿಡುಗಡೆಯಿಲ್ಲ. ‘ಇದು ರೋಗವೇ’ ಎಂಬಲ್ಲಿ ‘ಏ’ ಪ್ರಶ್ನೆಯೂ ಆಗಬಹುದು, ಒತ್ತಿ ಹೇಳುವ ಅವಧಾರಣೆಯೂ ಆಗಬಹುದು. ಆಡುವಾಗ ದನಿಯೇ ಭೇದವನ್ನು ತಿಳಿಸುತ್ತದೆ. ಬರೆಯುವಾಗ ಪ್ರಶ್ನಾರ್ಥಕ ಚಿಹ್ನೆ ತಿಳಿಸಬೇಕು. ಮೊಬೈಲಿನಲ್ಲಿ ಆ ಚಿಹ್ನೆ ಹಾಕುವ ತಾಳ್ಮೆ ಎಷ್ಟು ಮಂದಿಗಿದೆ?

ಈಗಿನ ಬೃಹತ್ ಭಾಷಾಮಾದರಿಗಳಿಗೆ ಪದವರ್ಗದ ಗೊಡವೆಯೇ ಬೇಡವೆಂದು ಕೆಲವರು ವಾದಿಸುತ್ತಾರೆ. ಅವೂ ಕಲಿಯುವುದು ದೊರೆತ ಬರಹದಿಂದಲೇ ತಾನೆ! ಸುಳ್ಯದ ಕಡೆಯವರು ಕೇಳುವ ರೀತಿ ಆ ಬರಹದಲ್ಲಿ ಇಲ್ಲದಿದ್ದರೆ, ಇಲ್ಲದುದನ್ನು ಕಲಿಯುವುದೆಂತು? ಆದುದರಿಂದ ಕನ್ನಡದ ಯಾವುದೇ ತಂತ್ರಾಂಶಕ್ಕೆ ಒಟ್ಟು ಶೇಕಡಾವಾರು ಅಂಕವನ್ನಷ್ಟೇ ಪ್ರಕಟಿಸುವುದು ನನಗೆ ಒಪ್ಪಿಗೆಯಿಲ್ಲ. ಪ್ರಶ್ನೆಗಳಲ್ಲಿ, ಅದರಲ್ಲಿಯೂ ಉಪಭಾಷೆಗಳ ಪ್ರಶ್ನೆಗಳಲ್ಲಿ, ಅದು ಗಳಿಸಿದ ಅಂಕವನ್ನು ಬೇರೆಯಾಗಿಯೇ ತೋರಿಸಬೇಕು. ಏನನ್ನೋ ತಿಳಿಯಬೇಕೆಂದು ಗಣಕದ ಮುಂದೆ ಕುಳಿತವನು ವರದಿ ಒಪ್ಪಿಸುವುದಿಲ್ಲ, ಪ್ರಶ್ನೆ ಕೇಳುತ್ತಾನೆ.

ಇದಕ್ಕೆ ಬೇಕಾದ ಸಾಮಗ್ರಿಯನ್ನು ವಿದ್ಯಾರ್ಥಿಗಳೇ ಕೂಡಿಸಬಹುದು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಅಡಿಗೆಮನೆಯಲ್ಲಿ ಕಿವಿಗೆ ಬಿದ್ದ ನೂರು ಪ್ರಶ್ನೆಗಳನ್ನು ತಿದ್ದದೆ, ಕೇಳಿದಂತೆಯೇ ಬರೆದುಕೊಂಡು, ಪ್ರತಿಯೊಂದು ಪದದ ವರ್ಗವನ್ನು ಗುರುತಿಸಿರಿ. ‘ಎಂತ’ ಎಂಬಲ್ಲಿ ನಿಮ್ಮ ನಿಮ್ಮೊಳಗೇ ಜಗಳ ಬಂದರೆ, ಅದನ್ನೂ ಬರೆದಿಡಿರಿ.